36 ತಿರುವು, ಒಂದು ಸಣ್ಣ ಗೇರು

ಬಂಡೀಪುರದ ಕಾಡು ಮುಗಿದು ತಮಿಳುನಾಡಿನ ಮುದುಮಲೆ ಶುರುವಾಗಿ ಸ್ವಲ್ಪ ದೂರ ಹೋದರೆ ತೆಪ್ಪಕಾಡು ಸಿಗುತ್ತದೆ. ಮೋಯಾರ್ ಹೊಳೆ, ಪಕ್ಕದಲ್ಲಿ ಆನೆ ಶಿಬಿರ, ಅಲ್ಲೇ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಗೂಡಲೂರು ಬಳಸಿ ಊಟಿಗೆ ಹೋಗುತ್ತದೆ. ಇನ್ನೊಂದು ಎಡಕ್ಕೆ ಹೊರಳಿ ಮಸಿನಗುಡಿ ಸೇರಿ, ಅಲ್ಲಿಂದ ಕಲ್ಹಟ್ಟಿ ಘಾಟಿ ಹತ್ತಿ ಅದೇ ಊಟಿಗೆ ಹೋಗುತ್ತದೆ. ಗೂಡಲೂರಿನ ದಾರಿ ಹೆಚ್ಚುಕಡಿಮೆ ಎರಡರಷ್ಟು ಉದ್ದ. ಕಾರಿನವರು ಮೊಬೈಲ್ ನೋಡಿ ಹತ್ತಿರದ್ದನ್ನು ಆರಿಸಿಕೊಳ್ಳುತ್ತಾರೆ. ಸೈಕಲ್ಲಿನವರಿಗೆ ಹತ್ತಿರದ ದಾರಿ ಎಂದರೇ ದಿಗಿಲು. ಏರಬೇಕಾದ ಎತ್ತರ ಎರಡರಲ್ಲೂ ಒಂದೇ ಆಗಿರುವಾಗ, ಉದ್ದ ಕಡಿಮೆಯಾದಷ್ಟೂ ರಸ್ತೆ ನೆಟ್ಟಗೆ ನಿಲ್ಲುತ್ತದೆ.

ಕಲ್ಹಟ್ಟಿ ನಿಂತಿರುವುದು ಹಾಗೆಯೇ. ಸೀಗೂರು ಘಾಟಿ ಎಂದೂ ಕರೆಯುವ ಈ ರಸ್ತೆ ಸುಮಾರು 13 ಕಿ.ಮೀ.ಯಲ್ಲಿ, 36 ಹೇರ್‌ಪಿನ್ ತಿರುವುಗಳಲ್ಲಿ, ಹತ್ತಿರಹತ್ತಿರ 1,100 ಮೀಟರ್ ಮೇಲೇರುತ್ತದೆ. ಟೂರ್ ದ ಫ್ರಾನ್ಸ್ ಟಿ.ವಿ.ಯಲ್ಲಿ ನೋಡುವವರಿಗೆ ಆಲ್ಪ್ ದ್ಯುಯೆಜ್ ಗೊತ್ತಿರುತ್ತದೆ: 21 ತಿರುವು, 13.8 ಕಿ.ಮೀ., ಸರಾಸರಿ ಶೇ 8.1ರ ಏರು. ಅದನ್ನು ಹತ್ತಲು ಜಗತ್ತಿನ ಹವ್ಯಾಸಿಗಳು ವಿಮಾನದಲ್ಲಿ ಸೈಕಲ್ ಹೊತ್ತು ಹೋಗುತ್ತಾರೆ. ಅದಕ್ಕೆ ಸಾಟಿಯಾದ, ಕೆಲವು ತುಂಡುಗಳಲ್ಲಿ ಅದಕ್ಕಿಂತ ಒರಟಾದ ಏರು ಮೈಸೂರಿನಿಂದ ಒಂದು ಹಗಲಿನ ದಾರಿಯಲ್ಲಿದೆ ಎಂಬುದು ನಮ್ಮವರಲ್ಲಿ ಸೈಕಲ್ಲಿನ ಹುಚ್ಚು ಹತ್ತಿದವರಿಗೆ ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಆ ಹುಚ್ಚಿಗೆ ಒಂದು ವೇದಿಕೆ ಸಿಕ್ಕಿದ್ದು 2008ರಲ್ಲಿ. ಬೆಂಗಳೂರಿನ ಸೈಕಲ್ ಪ್ರಿಯರು ಆ ವರ್ಷದ ಡಿಸೆಂಬರ್‌ನಲ್ಲಿ ‘ಟೂರ್ ಆಫ್ ನೀಲ್ಗಿರೀಸ್’ ಆರಂಭಿಸಿದರು. ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟಸೀಮೆಯಲ್ಲಿ ಸುಮಾರು ಒಂದು ವಾರ, ನೂರಾರು ಕಿಲೋಮೀಟರ್. ದಾರಿ ವರ್ಷವರ್ಷಕ್ಕೆ ಬದಲಾಗುತ್ತದೆ. ಹೋಗಿಬಂದವರ ಬಾಯಲ್ಲಿ ಉಳಿಯುವ ಹೆಸರು ಮಾತ್ರ ಕಲ್ಹಟ್ಟಿ.

ಹೋಗುವವರು ಯಾರು? ಬ್ಯಾಂಕಿನವರು, ಸಾಫ್ಟ್‌ವೇರಿನವರು, ಹಲ್ಲಿನ ಡಾಕ್ಟರು, ಕಾಲೇಜು ಮೇಷ್ಟ್ರು. ಮಂಡಿನೋವಿಗೆ ಓಟ ಬಿಟ್ಟು ಸೈಕಲ್ ಹಿಡಿದವರು, ಸಕ್ಕರೆ ಕಾಯಿಲೆಗೆ ಹೆದರಿ ಶುರುಮಾಡಿದವರು. ವಾರದಲ್ಲಿ ಐದು ದಿನ ಕುರ್ಚಿಯಲ್ಲಿ ಕೂತು ಶನಿವಾರ, ಭಾನುವಾರ ಮಾತ್ರ ಕಾಲು ಆಡಿಸುವ ಜನ. ಇಂಥವರು ಘಟ್ಟದ ಬುಡದಲ್ಲಿ ನಿಂತಾಗ ಒದಗಿ ಬರುವುದು ಧೈರ್ಯಕ್ಕಿಂತ ಮೊದಲು ಲೆಕ್ಕ ಎಂಬುದು ನನ್ನ ಖಚಿತ ಅಭಿಪ್ರಾಯ. ಧೈರ್ಯ ಮೂರನೇ ತಿರುವಿನಲ್ಲಿ ಮುಗಿಯುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಸೈಕಲ್ಲು, ನೀರಿನ ಬಾಟಲಿ, ಜೇಬಿನ ಚಿಕ್ಕಿ ಎಲ್ಲ ಸೇರಿ 80 ಕೆ.ಜಿ. ತೂಗುವ ಸವಾರರೊಬ್ಬರು 1,100 ಮೀಟರ್ ಮೇಲೇರಬೇಕಾದರೆ ಭೂಮಿಯ ಸೆಳೆತದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 860 ಕಿಲೋಜೂಲ್. ನಿಯಮಿತವಾಗಿ ಸೈಕಲ್ ಹೊಡೆಯುವ ಸಾಧಾರಣ ಹವ್ಯಾಸಿ ಒಂದೂವರೆ ಗಂಟೆ ಬಿಡದೆ ಕೊಡಬಲ್ಲ ಶಕ್ತಿ 150 ವಾಟ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ 96 ನಿಮಿಷ. ಟೈರು ರಸ್ತೆಗೆ ಉಜ್ಜುವುದನ್ನೂ ಸೇರಿಸಿದರೆ ನೂರು ನಿಮಿಷ ದಾಟುತ್ತದೆ. ವೇಗ ಗಂಟೆಗೆ ಏಳೂವರೆ ಕಿ.ಮೀ.ಯ ಆಸುಪಾಸು. ಮನೆಯಲ್ಲಿ ಕೂತು ಕಾಗದದ ಮೇಲೆ ಇದನ್ನು ಒಮ್ಮೆ ಬರೆದುಕೊಂಡವರಿಗೆ ಘಟ್ಟದಲ್ಲಿ ಅವಮಾನವಾಗುವುದಿಲ್ಲ. ಪಕ್ಕದಲ್ಲಿ ಯಾರೋ ಸರ‍್ರನೆ ಮುಂದೆ ಹೋದರೂ, ಮೀಟರಿನಲ್ಲಿ ‘7’ ಎಂಬ ಅಂಕಿ ಕಂಡರೂ ಎದೆ ಒಡೆಯುವುದಿಲ್ಲ. ಆ ಅಂಕಿ ಮೊದಲೇ ಪರಿಚಯವಾಗಿರುತ್ತದೆ.

ಈಗ ಅದೇ ವೇಗವನ್ನು ಪೆಡಲಿಗೆ ಇಳಿಸೋಣ. ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲೂ 34 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು 2.1 ಮೀಟರ್ ಮುಂದೆ ಸರಿಯುತ್ತದೆ. ಏಳೂವರೆ ಕಿ.ಮೀ. ವೇಗಕ್ಕೆ ನಿಮಿಷಕ್ಕೆ 60 ಸುತ್ತು ತುಳಿದರೆ ಸಾಕು. ಹಿಂದೆ 28 ಹಲ್ಲು ಇದ್ದರೆ ಅದೇ ವೇಗಕ್ಕೆ 50 ಸುತ್ತು. ಹಳೆಯ ಕಾಲದ ರೇಸ್ ಸೈಕಲ್ಲಿನ ಹಾಗೆ ಮುಂದೆ 39, ಹಿಂದೆ 25 ಇದ್ದರೆ 38 ಸುತ್ತಿಗೆ ಇಳಿಯುತ್ತದೆ. ಮೂರರಲ್ಲೂ ಕೆಲಸ ಒಂದೇ, ವಾಟ್ ಒಂದೇ. ವ್ಯತ್ಯಾಸ ಬೀಳುವುದು ಪ್ರತಿ ತುಳಿತಕ್ಕೆ ಮಂಡಿ, ತೊಡೆಗಳ ಮೇಲೆ. 38ರಲ್ಲಿ ತುಳಿಯುವವರು ಒಂದೊಂದು ತುಳಿತಕ್ಕೂ ಮೈಯನ್ನೆಲ್ಲ ಪೆಡಲಿನ ಮೇಲೆ ಹೇರಬೇಕು. 60ರಲ್ಲಿ ತುಳಿಯುವವರು ಏದುಸಿರು ಬಿಡುತ್ತಿದ್ದರೂ ಕಾಲು ಉಳಿಸಿಕೊಂಡಿರುತ್ತಾರೆ. ಐದು ನಿಮಿಷ ನಿಂತರೆ ಉಸಿರು ವಾಪಸ್ ಬರುತ್ತದೆ, ಹಿಡಿದುಕೊಂಡ ತೊಡೆ ಬರುವುದಿಲ್ಲ.

ಇಷ್ಟು ಸರಳ ವಿಷಯಕ್ಕೂ ಒಂದು ಕಾಲದಲ್ಲಿ ದೊಡ್ಡ ಜಗಳ ನಡೆದಿತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದ ಪಾಲ್ ದ ವಿವಿ (1853–1930) ಸೈಕಲ್ಲಿನ ಮೋಹಕ್ಕೆ ಬಿದ್ದು ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯತೊಡಗಿದ, ಸೈಕಲ್ ಸವಾರರಿಗಾಗಿ ಪತ್ರಿಕೆಯನ್ನೂ ನಡೆಸಿದ. ಅವನದು ಬೆಟ್ಟದ ಊರು. ಒಂದೇ ಗೇರಿನಲ್ಲಿ ಬೆಟ್ಟ ಹತ್ತುವುದು ಮೂರ್ಖತನ, ಗೇರು ಬದಲಾಗುವಂತಿರಬೇಕು ಎಂಬುದು ಅವನ ವಾದ. ಎದುರಿಗೆ ನಿಂತವನು ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್. 1902ರಲ್ಲಿ ಬೆಟ್ಟದ ದಾರಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಮೂರು ಗೇರಿನ ಸೈಕಲ್ ಏರಿದ ಮಾರ್ಥ್ ಹೆಸ್ ಎಂಬ ಹೆಣ್ಣುಮಗಳು ಒಂಟಿ ಗೇರಿನ ಗಟ್ಟಿ ಸವಾರನನ್ನು ಹಿಂದೆ ಹಾಕಿದಳು. ದೆಗ್ರಾಂಜ್ ಬಗ್ಗಲಿಲ್ಲ. ಗೇರು ಬದಲಿಸುವ ಸೌಕರ್ಯವೆಲ್ಲ 45 ದಾಟಿದವರಿಗೆ ಎಂದು ಹಂಗಿಸಿ ಬರೆದ. 1910ರಲ್ಲಿ ಟೂರ್ ಮೊದಲ ಸಲ ಪಿರನೀಸ್ ಪರ್ವತಗಳ ಎತ್ತರದ ಕಣಿವೆಹಾದಿಗಳನ್ನು ಹತ್ತಿದಾಗ ಪಾಪ ಆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಆ ಬದಿಯ ಇನ್ನೊಂದು ಹಲ್ಲಿಗೆ ಚೈನು ಕೂರಿಸಿಕೊಳ್ಳಬೇಕಿತ್ತು. ಚೈನನ್ನು ಓಡುವಾಗಲೇ ಸರಿಸುವ ಡೀರೇಲರ್‌ಗೆ ಟೂರ್‌ನಲ್ಲಿ ಪ್ರವೇಶ ಸಿಕ್ಕಿದ್ದು 1937ರಲ್ಲಿ. ವೃತ್ತಿಪರರಿಗೆ ಬೇಡವೆಂದು ಹೇಳಿದ್ದನ್ನು ಹವ್ಯಾಸಿಗಳು ಅಷ್ಟು ವರ್ಷ ಮೊದಲೇ ಒಪ್ಪಿಕೊಂಡಿದ್ದರು. ಇಂದು ಸೈಕಲ್ ಅಂಗಡಿಯಲ್ಲಿ ‘ಸಾರ್, ಹಿಂದೆ ದೊಡ್ಡ ಹಲ್ಲುಚಕ್ರದ ಕ್ಯಾಸೆಟ್ ಹಾಕಿಸಿದ್ರೆ ನೋಡೋಕೆ ಚೆನ್ನಾಗಿರಲ್ಲ’ ಎನ್ನುವ ಹುಡುಗ ಗೊತ್ತಿಲ್ಲದೆಯೇ ದೆಗ್ರಾಂಜ್‌ನ ಪಾರ್ಟಿ.

ಅಂಗಡಿಯ ಮಾತು ಬಂತಲ್ಲ, ತೂಕದ ವ್ಯಾಮೋಹವನ್ನೂ ಮುಗಿಸಿಬಿಡೋಣ. ಅಲ್ಯೂಮಿನಿಯಂ ಬಿಟ್ಟು ಕಾರ್ಬನ್‌ಗೆ ಹೋದರೆ ಒಂದು ಕೆ.ಜಿ. ಉಳಿಯಿತು ಅಂದುಕೊಳ್ಳಿ. ಒಟ್ಟು ತೂಕದ ಎಂಬತ್ತರಲ್ಲಿ ಒಂದು ಭಾಗ. ನೂರು ನಿಮಿಷದ ಏರಿನಲ್ಲಿ ಅದು ಉಳಿಸುವ ಸಮಯ ಒಂದೂಕಾಲು ನಿಮಿಷ. ರೇಸ್ ಗೆಲ್ಲುವವರಿಗೆ ಒಂದೂಕಾಲು ನಿಮಿಷ ದೊಡ್ಡದು, ಅವರು ಕೊಳ್ಳಲಿ. ಉಳಿದವರು ಮೂರನೇ ತಿರುವಿನಲ್ಲಿ ನಿಂತು ಫೋಟೊ ತೆಗೆದುಕೊಳ್ಳುವಷ್ಟರಲ್ಲಿ ಅದು ಖರ್ಚಾಗುತ್ತದೆ. ಅದೇ ದುಡ್ಡಿನ ಚಿಕ್ಕ ಪಾಲಿನಲ್ಲಿ ಹಿಂದಿನ ಕ್ಯಾಸೆಟ್ ಬದಲಿಸಿಕೊಂಡರೆ ಮಂಡಿ ಉಳಿಯುತ್ತದೆ. ಪ್ಯಾಡ್ ಇರುವ ಒಳ್ಳೆಯ ಚಡ್ಡಿಯೊಂದನ್ನು ಕೊಂಡರೆ ಇನ್ನೂ ಏನೇನೋ ಉಳಿಯುತ್ತದೆ. ದಿನಕ್ಕೆ ಐದಾರು ಗಂಟೆ, ಅದೂ ಸಾಲು ದಿನಗಳು ಸೀಟಿನ ಮೇಲೆ ಕೂರುವವರಿಗೆ ತೊಡೆಸಂದಿಯ ಚರ್ಮ ಕಿತ್ತುಬರುವ ಬಾಧೆಯ ಮುಂದೆ ಏರು ಏನೂ ಅಲ್ಲ. ಆ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು ಎಂಬುದನ್ನು ಹೊಸಬರಿಗೆ ಯಾರಾದರೂ ಸಂಕೋಚ ಬಿಟ್ಟು ಹೇಳಬೇಕು, ಯಾರೂ ಹೇಳುವುದಿಲ್ಲ.

ತಯಾರಿ ಎಲ್ಲಿ? ಬೆಂಗಳೂರಿನವರಿಗೆ ನಂದಿಬೆಟ್ಟ ಇದೆ. ಭಾನುವಾರ ಕತ್ತಲಲ್ಲೇ ದೇವನಹಳ್ಳಿ ಕಡೆಗೆ ಕೆಂಪು ದೀಪ ಮಿನುಗಿಸುತ್ತ ಸಾಲು ಹೊರಡುತ್ತದೆ. ಮೈಸೂರಿನವರಿಗೆ ಚಾಮುಂಡಿ. ಎರಡೂ ಒಳ್ಳೆಯ ಏರುಗಳೇ, ಆದರೆ ಬೇಗ ಮುಗಿಯುತ್ತವೆ. ನಂದಿ ಮುಗಿಯುವುದು ಏಳೆಂಟು ಕಿ.ಮೀ.ಗೆ. ಅರ್ಧ-ಮುಕ್ಕಾಲು ಗಂಟೆ ಹಲ್ಲುಕಚ್ಚಿ ಹತ್ತಿ, ಮೇಲೆ ಇಡ್ಲಿ ತಿಂದು ಇಳಿಯಬಹುದು. ಕಲ್ಹಟ್ಟಿ ಕೇಳುವುದು ನೂರು ನಿಮಿಷ ಒಂದೇ ಸಮನೆ ತುಳಿಯುವ ಅಭ್ಯಾಸ. ಅದಕ್ಕೆ ನಂದಿಯನ್ನೇ ಎರಡು ಮೂರು ಸಲ, ನಡುವೆ ಹರಟೆಗೆ ನಿಲ್ಲದೆ ಹತ್ತಬೇಕು. ಎರಡನೇ ಸಲ ಮೊದಲನೆಯದಕ್ಕಿಂತ ತುಂಬ ತಡವಾದರೆ ಮೊದಲ ಸಲ ಜೋರಾಗಿ ಹೋಗಿದ್ದೀರಿ ಎಂದೇ ಅರ್ಥ.

ಬೆಟ್ಟವೇ ಇಲ್ಲದ ಊರಿನವರು ನಿರಾಶರಾಗಬೇಕಿಲ್ಲ. ಕರ್ನಾಟಕಕ್ಕೆ ಸೈಕ್ಲಿಂಗ್ ಪದಕಗಳನ್ನು ತಂದುಕೊಟ್ಟ ಹುಡುಗ ಹುಡುಗಿಯರು ಬಹುಪಾಲು ಬಂದಿರುವುದು ವಿಜಯಪುರ, ಬಾಗಲಕೋಟೆ ಸೀಮೆಯಿಂದ. ಬಯಲು ಸೀಮೆಯ ಎದುರುಗಾಳಿ ಸಾಮಾನ್ಯದ ಎದುರಾಳಿಯಲ್ಲ. ಏರಿನ ಹಾಗೆ ಅದೂ ಕಾಲಿಗೆ ಬಿಡುವು ಕೊಡುವುದಿಲ್ಲ, ತುಳಿಯುವುದು ನಿಲ್ಲಿಸಿದ ಕ್ಷಣ ಸೈಕಲ್ಲು ನಿಲ್ಲುತ್ತದೆ. ಮಧ್ಯಾಹ್ನದ ಗಾಳಿಗೆ ಮುಖಕೊಟ್ಟು ಒಂದೇ ಹದದಲ್ಲಿ ಎರಡು ಗಂಟೆ ಹೋಗುವ ಅಭ್ಯಾಸ ಘಟ್ಟಕ್ಕೂ ಒದಗುತ್ತದೆ.

ಹದ ಅಂದರೆ ಎಷ್ಟು ಎಂಬುದನ್ನು ಅಳೆಯಲು ಪವರ್ ಮೀಟರ್ ಇದೆ, ಎದೆಬಡಿತದ ಪಟ್ಟಿ ಇದೆ. ನಮ್ಮ ಗುಂಪಿನ ಹಿರಿಯರೊಬ್ಬರ ಬಳಿ ಇವೆರಡೂ ಇಲ್ಲ. ಚಾಮುಂಡಿ ಏರಿನಲ್ಲಿ ಅವರು ಹೊಸಬರ ಪಕ್ಕ ಬಂದು ಸುಮ್ಮನೆ ಮಾತಿಗೆ ಶುರುಮಾಡುತ್ತಾರೆ. ‘ಏನಪ್ಪಾ, ತಿಂಡಿ ಏನು ತಿಂದೆ ಬೆಳಿಗ್ಗೆ?’ ಹುಡುಗ ‘ಉಪ್ಪಿಟ್ಟು ಅಂಕಲ್’ ಎಂದು ನಿಲ್ಲಿಸಿದರೆ, ‘ಜೊತೆಗೇನಿತ್ತು?’ ಎಂದು ಮುಂದುವರಿಸುತ್ತಾರೆ. ‘ಚಟ್ನಿ... ಮೊಸರು... ಬಾಳೆಹಣ್ಣು’ ಎಂದು ಒಂದೊಂದು ಪದಕ್ಕೂ ಉಸಿರೆಳೆದುಕೊಂಡರೆ, ‘ಹಂಗಾದ್ರೆ ಒಂದು ಗೇರ್ ಇಳಿಸು ಮಗಾ, ಇನ್ನೂ ಬೆಟ್ಟ ಐತೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಮಾತಾಡುತ್ತ ಹೋಗಬಲ್ಲ ವೇಗವೇ ಇಡೀ ದಿನದ ವೇಗ ಎಂದು ಕ್ರೀಡಾವೈದ್ಯರೂ ಒಪ್ಪುತ್ತಾರೆ. ಯಂತ್ರಗಳು ಹೇಳುವುದೂ ಇದನ್ನೇ, ಸ್ವಲ್ಪ ದುಬಾರಿಯಾಗಿ.

ಇನ್ನು ಹೊಟ್ಟೆ. ಮೈಸೂರಿನಿಂದ ಹೊರಟವರ ಕಾಲಿನಲ್ಲಿ ಗುಂಡ್ಲುಪೇಟೆ ಮುಟ್ಟುವಾಗಲೇ ಅರವತ್ತು ಕಿ.ಮೀ. ಸೇರಿರುತ್ತದೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಹಗಲಲ್ಲೂ ಆನೆ, ಹುಲಿಗಳ ಆ ಕಾಡನ್ನು ಹಲವರು ಸೈಕಲ್ಲನ್ನು ಗಾಡಿಗೆ ಹಾಕಿಕೊಂಡೇ ದಾಟುತ್ತಾರೆ. ಅದೇ ಸರಿ, ಅಲ್ಲಿ ಶೂರತ್ವ ಬೇಡ. ಅಂತೂ ಮಸಿನಗುಡಿ ದಾಟಿ ಏರಿನ ಬುಡ ಸಿಗುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಬೆಳಗಿನ ಇಡ್ಲಿ ಕರಗಿರುತ್ತದೆ. ಮೈಯಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ 2,000 ಕಿಲೊಕ್ಯಾಲೊರಿಯಷ್ಟು. ಸೈಕಲ್ಲಿನಲ್ಲಿ ಮಾಡಿದ ಕಿಲೋಜೂಲ್ ಕೆಲಸ ಎಷ್ಟೋ ಖರ್ಚಾಗುವ ಕಿಲೊಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ನಮ್ಮ ಸ್ನಾಯುಗಳು ತಿಂದದ್ದರ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಟ್ಟು ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತವೆ. ಘಾಟಿಯೊಂದಕ್ಕೇ ಒಂಬೈನೂರು ಕಿಲೊಕ್ಯಾಲೊರಿ ಬೇಕು. ಅದರ ಹಿಂದಿನ ದಾರಿಗೂ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಹೋಗಿರುತ್ತದೆ. ನಡುವೆ ತಿನ್ನದಿದ್ದವರಿಗೆ ಎಲ್ಲೋ ಇಪ್ಪತ್ತನೇ ತಿರುವಿನ ಹತ್ತಿರ ಕಣ್ಣು ಮಂಜಾಗಿ, ಕೈ ನಡುಗಿ, ಸುಮ್ಮಸುಮ್ಮನೆ ಸಿಟ್ಟು ಬರತೊಡಗುತ್ತದೆ. ಸವಾರರು ‘ಬಾಂಕ್ ಆಯ್ತು’ ಎನ್ನುವುದು ಇದಕ್ಕೇ.

ಗಂಟೆಗೆ ಅರವತ್ತು ಗ್ರಾಂ ಕಾರ್ಬೊಹೈಡ್ರೇಟ್ ಎಂಬುದು ಸಾಮಾನ್ಯ ಸಲಹೆ. ವಿದೇಶಿ ಜೆಲ್ಲುಗಳಲ್ಲಿ ಇರುವುದು ಗ್ಲುಕೋಸ್, ಫ್ರಕ್ಟೋಸ್. ಬೆಲ್ಲದಲ್ಲಿ ಇರುವುದೂ ಮುಖ್ಯವಾಗಿ ಇವೆರಡು ಸೇರಿದ ಸಕ್ಕರೆಯೇ. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ, ಬಾಟಲಿಯಲ್ಲಿ ಉಪ್ಪು-ಸಕ್ಕರೆ-ನಿಂಬೆಹಣ್ಣಿನ ಪಾನಕ ಇದ್ದರೆ ಗಂಟೆ ಕಳೆಯುತ್ತದೆ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬ ನಿಯಮವನ್ನು ಸೈಕಲ್ ಸವಾರರಿಗೆ ಹಾಕಿಕೊಟ್ಟವನೂ ಆ ವೆಲೊಸಿಯೊನೇ. ಕಲ್ಹಟ್ಟಿಯಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು: ಬಾಳೆಹಣ್ಣನ್ನು ಕೋತಿ ನೋಡುವ ಮೊದಲೇ ತಿನ್ನಬೇಕು.

ಏರು ಹತ್ತುವಾಗ ತಿರುವುಗಳನ್ನು ಬೇಗ ಅರ್ಥಮಾಡಿಕೊಂಡಷ್ಟೂ ಒಳ್ಳೆಯದು. ನಮ್ಮಲ್ಲಿ ವಾಹನ ಎಡಕ್ಕೆ ಓಡುವುದರಿಂದ, ಎಡಕ್ಕೆ ಹೊರಳುವ ಹೇರ್‌ಪಿನ್‌ನಲ್ಲಿ ಹತ್ತುವ ಸೈಕಲ್ಲು ತಿರುವಿನ ಒಳಮಗ್ಗುಲಲ್ಲಿರುತ್ತದೆ. ರಸ್ತೆಯ ಒಳಅಂಚು ಗಿಡ್ಡ, ಹಾಗಾಗಿ ಅದೇ ಎತ್ತರವನ್ನು ನಾಲ್ಕೇ ಮಾರು ಜಾಗದಲ್ಲಿ ಏರುತ್ತದೆ. ಮುಂದಿನ ಚಕ್ರ ನೆಲ ಬಿಡುತ್ತದೇನೋ ಅನ್ನಿಸುವಷ್ಟು ಕಡಿದು. ಅಲ್ಲಿ ಸೀಟಿನ ತುದಿಗೆ ಸರಿದು, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ, ತುಳಿತ ಕಡಿಯದಂತೆ ಐದಾರು ಸುತ್ತು ಎಳೆಯಬೇಕು. ಬಲಕ್ಕೆ ಹೊರಳುವ ತಿರುವು ಕರುಣಾಳು. ಸೈಕಲ್ಲು ಹೊರಮಗ್ಗುಲಲ್ಲಿ ಅಗಲವಾಗಿ ಸುತ್ತಿ ಬರುತ್ತದೆ, ಏರು ತಗ್ಗುತ್ತದೆ, ನೀರು ಕುಡಿಯಲು, ಚೈನನ್ನು ಒಂದು ಹಲ್ಲು ಸರಿಸಲು ಅದೇ ಜಾಗ. ಘಾಟಿಯ ಗುಟ್ಟು ಗೊತ್ತಿದ್ದವರು ಎಡಕ್ಕೆ ಖರ್ಚು, ಬಲಕ್ಕೆ ಜಮಾ ಎಂದು ಖಾತೆ ಬರೆಯುತ್ತ ಹೋಗುತ್ತಾರೆ. ತಿರುವಿನ ಆಚೆಯಿಂದ ಲಾರಿ ಗುಡುಗುವುದು ಕೇಳಿದರೆ ಜಮಾಖರ್ಚು ಮರೆತು ಇಳಿದು ಪಕ್ಕಕ್ಕೆ ನಿಲ್ಲುವುದು ಜಾಣತನ.

ಇಳಿದು ನಿಲ್ಲುವುದು, ತಳ್ಳಿಕೊಂಡು ಹೋಗುವುದು ಎಂದರೆ ಕೆಲವರಿಗೆ ಮಾನ ಹೋದಂತೆ. ಸೋತವರನ್ನು ಹತ್ತಿಸಿಕೊಳ್ಳಲು ಸವಾರಿಯ ಹಿಂದೆ ಬರುವ ಸ್ಯಾಗ್ ವ್ಯಾನ್ ಹತ್ತುವುದಂತೂ ಇನ್ನೂ ಕಷ್ಟ. ವ್ಯಾನಿನ ಕಿಟಕಿಯಲ್ಲಿ ಮುಖ ಮುಚ್ಚಿಕೊಂಡು ಕೂತವರನ್ನು ಮಾತಾಡಿಸಲೂ ಆಗುವುದಿಲ್ಲ. ಲೆಕ್ಕ ನೋಡಿದರೆ ಶೇ 12ರ ಏರಿನಲ್ಲಿ ಆರು ಕಿ.ಮೀ. ವೇಗದಲ್ಲಿ ತೂರಾಡುತ್ತ ತುಳಿಯುವುದಕ್ಕೂ ನಾಲ್ಕು ಕಿ.ಮೀ. ವೇಗದಲ್ಲಿ ತಳ್ಳುವುದಕ್ಕೂ ಅರ್ಧ ಕಿ.ಮೀ.ಗೆ ಬೀಳುವ ವ್ಯತ್ಯಾಸ ಎರಡೂವರೆ ನಿಮಿಷ. ಅಷ್ಟರಲ್ಲಿ ತೊಡೆ ಸುಧಾರಿಸಿಕೊಂಡರೆ ಲಾಭವೇ. ಸೈಕಲ್ ಲೋಕದಲ್ಲೇ ಇದಕ್ಕೆ ಒಳ್ಳೆಯ ಸಂಪ್ರದಾಯವೊಂದಿದೆ. ಬ್ರೆವೆ ಎಂದು ಕರೆಯುವ ದೂರದ ಸವಾರಿಗಳಲ್ಲಿ ಗಡುವು ಮಾತ್ರ ಇರುತ್ತದೆ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಮೊದಲ ಸ್ಥಾನ ಎಂಬುದೇ ಇಲ್ಲ. ಗಡುವಿನೊಳಗೆ ಮುಟ್ಟಿದವರೆಲ್ಲರೂ ಸಮ. ನಮ್ಮ ಘಟ್ಟಗಳಿಗೆ ಹೊಂದುವ ಲೆಕ್ಕ ಇದೇ ಎಂದು ನನಗನ್ನಿಸುತ್ತದೆ. ಪಂಥ ಕಟ್ಟಿ ಗಡಿಯಾರ ಹಿಡಿದು ಓಡುವವರ ಸಂಭ್ರಮಕ್ಕೆ ನನ್ನ ತಕರಾರಿಲ್ಲ. ಅವರ ವೇಗವನ್ನು ಅಳತೆಗೋಲಾಗಿ ಹಿಡಿದು ಹತ್ತನೇ ತಿರುವಿನಲ್ಲಿ ಕುಸಿಯುವ ಹೊಸಬರನ್ನು ನೋಡಿದಾಗ ಮಾತ್ರ ಬೇಸರವಾಗುತ್ತದೆ.

ಕಲ್ಹಟ್ಟಿ ಮುಗಿಸಿದವರ ಮುಂದಿನ ಕನಸು ಸಾಮಾನ್ಯವಾಗಿ ಮನಾಲಿ–ಲೇಹ್. ಅಲ್ಲಿನ ರಸ್ತೆ ಸೇನೆಯ ಲಾರಿಗಳಿಗಾಗಿ ಮಾಡಿದ್ದು, ಏರು ಇಷ್ಟು ಕಡಿದಿರುವುದಿಲ್ಲ. ಅಲ್ಲಿ ಕೈಕೊಡುವುದು ಗಾಳಿ. ಊಟಿಯಲ್ಲಿ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟಾದರೂ ಗಾಳಿಯ ಒತ್ತಡ ಇರುತ್ತದೆ, 5,328 ಮೀಟರ್ ಎತ್ತರದ ತಂಗ್‌ಲಾಂಗ್ ಲಾ ಮೇಲೆ ಅರ್ಧದಷ್ಟು. ನಂದಿಯನ್ನು ನೂರು ಸಲ ಹತ್ತಿದರೂ ಅದಕ್ಕೆ ತಯಾರಿಯಾಗದು. ಎತ್ತರಕ್ಕೆ ಮೈ ಒಗ್ಗಲು ದಿನಗಳನ್ನೇ ಕೊಡಬೇಕು, ರಜೆ ಅಷ್ಟು ಉದ್ದ ಇಲ್ಲದಿದ್ದರೆ ಹೋಗದಿರುವುದೇ ಲೇಸು.

ಹತ್ತಿದವರು ಇಳಿಯಲೂ ಬೇಕಲ್ಲ. ಹತ್ತಲು ಸುರಿದ ಆ 860 ಕಿಲೋಜೂಲ್ ಇಳಿಯುವಾಗ ಎಲ್ಲಿಗೂ ಹೋಗುವುದಿಲ್ಲ. ಗಾಳಿ ಹೀರಿಕೊಂಡದ್ದು ಬಿಟ್ಟು ಉಳಿದದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕೂರುತ್ತದೆ. ಕಾರಿನವರಿಗೆ ಮೊದಲನೇ ಗೇರಿನ ಆಸರೆ ಇದೆ, ಸೈಕಲ್ಲಿಗೆ ಅದೂ ಇಲ್ಲ. ಒಂದೇ ಸಮ ಬ್ರೇಕ್ ಹಿಡಿದು ಇಳಿದರೆ ರಿಮ್ ಕಾದು ಟ್ಯೂಬು ಸಿಡಿದ ಉದಾಹರಣೆಗಳಿವೆ. ನೇರ ತುಂಡಿನಲ್ಲಿ ಬಿಟ್ಟು, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಮತ್ತೆ ಬಿಡಬೇಕು. ಕಲ್ಹಟ್ಟಿಯನ್ನಂತೂ ಇಳಿಯಲು ಆರಿಸಿಕೊಳ್ಳಬೇಡಿ. ಅಪಘಾತಗಳು ಹೆಚ್ಚಿದ ಮೇಲೆ ಊಟಿಯಿಂದ ಕೆಳಗೆ ಬರುವ ಹೊರಗಿನ ವಾಹನಗಳಿಗೆ ಅಲ್ಲಿ ನಿರ್ಬಂಧ ಹೇರಿದ್ದು ಸುಮ್ಮನೆ ಅಲ್ಲ. ಗೂಡಲೂರಿನ ಉದ್ದ ದಾರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡಿಸೆಂಬರ್ ಬೆಳಗಿನ ಊಟಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತದೆ, ಆ ಚಳಿಗೆ ಮರಗಟ್ಟಿದ ಬೆರಳಲ್ಲಿ ಬ್ರೇಕ್ ಹಿಡಿಯಲಾಗದು. ಉಣ್ಣೆಯ ಕೈಗವಸು ಊಟಿಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಬೆಳಿಗ್ಗೆ ನೀವು ಹೊರಡುವ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ, ಹಿಂದಿನ ಸಂಜೆಯೇ ಕೊಂಡಿಟ್ಟುಕೊಳ್ಳಿ.